ಇಡ್ಲಿ ತಟ್ಟೆಯಲ್ಲಿ ಸ್ಕ್ರೂಗಳು

ಮನೆ ಖಾಲಿ ಮಾಡುವಾಗ ಸೋದರಮಾವ ಒಂದು ಪುಟ್ಟ ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟು, "ನೀನು ಕಂಪ್ಯೂಟರಿನವನಲ್ಲವೇನೋ, ಇದನ್ನು ಇಟ್ಟುಕೋ" ಎಂದಿದ್ದರು. ತೋಷಿಬಾ ಲಿಬ್ರೆಟ್ಟೊ 50. 1997ರಲ್ಲಿ ಕೆಲಸದ ಮೇಲೆ ಜಪಾನಿಗೆ ಹೋಗಿದ್ದಾಗ ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಾಬಾರಾದಲ್ಲಿ ಕೊಂಡದ್ದು. ಹಳೆಯ ವಿಡಿಯೊ ಕ್ಯಾಸೆಟ್ಟಿಗಿಂತ ಒಂದು ಬೆರಳು ದೊಡ್ಡದು, ತೂಕ ಒಂದು ಕಿಲೋ ಕೂಡ ಇಲ್ಲ. ಅಷ್ಟರೊಳಗೆ 75 ಮೆಗಾಹರ್ಟ್ಸ್‌ನ ಪೆಂಟಿಯಮ್, 16 ಎಂಬಿ ಮೆಮೊರಿ, 6.1 ಅಂಗುಲದ ಬಣ್ಣದ ಪರದೆ, ವಿಂಡೋಸ್ 95. ಮೌಸಿನ ಗುಂಡಿ ಪರದೆಯ ಬಲಕ್ಕೆ, ಕ್ಲಿಕ್ ಮಾಡುವ ಗುಂಡಿಗಳು ಮುಚ್ಚಳದ ಬೆನ್ನಿಗೆ. ಹೆಬ್ಬೆರಳು ಮುಂದೆ, ಉಳಿದ ಬೆರಳುಗಳು ಹಿಂದೆ, ಬಿಸಿ ರೊಟ್ಟಿಯ ಅಂಚು ಹಿಡಿದ ಹಾಗೆ. ಲಿಬ್ರೆಟ್ಟೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಪುಸ್ತಕವಂತೆ. ಹಿಡಿಯುವುದೂ ಪುಸ್ತಕದಂತೆಯೇ.

ಜೀವ ಮಾತ್ರ ಇರಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದೆ, ಅಡಾಪ್ಟರ್ ಸರಿಯಾಗಿಯೇ ಇತ್ತು. ಒಂದು ಭಾನುವಾರ ಬಿಚ್ಚಲು ಕುಳಿತೆ.

ಸ್ಕ್ರೂಗಳನ್ನು ಹಾಕಿಡಲು ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದೆ. ತಳದ ಸ್ಕ್ರೂಗಳು ಒಂದು ಕುಳಿಗೆ, ಕೀಲಿಮಣೆಯವು ಇನ್ನೊಂದಕ್ಕೆ. ತಟ್ಟೆಯ ತಳದಲ್ಲಿ ತೂತುಗಳಿವೆ ಎಂಬುದು ಹೊಳೆದದ್ದು ಒಂದು ಸ್ಕ್ರೂ ಉದುರಿ ಮಂಚದಡಿ ಸೇರಿದ ಮೇಲೆ. "ನಾಳೆ ತಿಂಡಿಗೆ ಏನು ಮಾಡಲಿ, ಇದನ್ನೇ ಬೇಯಿಸಲೇ?" ಎಂದಳು ಹೆಂಡತಿ.

ಐದನೆಯ ಸ್ಕ್ರೂ ಕೈಕೊಟ್ಟಿತು. ಸ್ಕ್ರೂಡ್ರೈವರ್ ಜಾರಿ ಜಾರಿ ಅದರ ತಲೆ ಸವೆದು, ಪ್ಲಸ್ ಗುರುತು ಬಟ್ಟಲಿನಂತಾಯಿತು. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿರುವವನಿಗೆ ಅಕ್ಕಿಕಾಳಿನಷ್ಟು ಸ್ಕ್ರೂ ಬಿಚ್ಚಲು ಬರಲಿಲ್ಲ. ಎಲ್ಲವನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಬಳಿಯ ಗಡಿಯಾರ ರಿಪೇರಿಯವರ ಬಳಿಗೆ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ನನ್ನ ಸ್ಕ್ರೂಡ್ರೈವರನ್ನು ಪಕ್ಕಕ್ಕಿಟ್ಟರು. ಜಪಾನಿನ ಪ್ಲಸ್ ಸ್ಕ್ರೂಗಳಿಗೆ ಜೆಐಎಸ್ ಎಂಬ ಬೇರೆಯೇ ಅಳತೆ ಇದೆ. ಮಾಮೂಲಿ ಫಿಲಿಪ್ಸ್ ಮೊನೆ ಪೂರ್ತಿ ತಳ ಮುಟ್ಟದೆ ಮೇಲೇಳುತ್ತದೆ. ಅವರು ಆ ಹೆಸರನ್ನೇನೂ ಹೇಳಲಿಲ್ಲ. ಡಬ್ಬಿಯಿಂದ ಒಂದು ಮೊನೆ ಆರಿಸಿ, "ತಿರುಗಿಸುವುದಕ್ಕಿಂತ ಒತ್ತುವುದು ಹೆಚ್ಚಿರಬೇಕು ಸ್ವಾಮಿ" ಎನ್ನುತ್ತಾ ಅಂಗೈಯಿಂದ ಒತ್ತಿ ಕಾಲು ಸುತ್ತು ತಿರುಗಿಸಿದರು. ಟಕ್ ಎಂದಿತು. ಇಪ್ಪತ್ತು ರೂಪಾಯಿ ತೆಗೆದುಕೊಂಡರು. ನಾಚಿಕೆ ನನಗೆ ಉಚಿತ.

ಮನೆಗೆ ಬಂದು ಕೀಲಿಮಣೆ ಎತ್ತಿದೆ. ಪ್ಲಾಸ್ಟಿಕ್ ವಯಸ್ಸಾಗಿ ಹಪ್ಪಳವಾಗಿತ್ತು, ಅವಸರದಲ್ಲಿ ಒಂದು ಕೊಂಡಿ ಮುರಿದೆ. ಕಾಗದದಂಥ ಪಟ್ಟಿ ಕೇಬಲ್ ಬಿಡಿಸಿ ಮದರ್‌ಬೋರ್ಡನ್ನು ಹೊರತೆಗೆದಾಗ ಮೂಲೆಯಲ್ಲಿ ರೋಗ ಕಂಡಿತು. ಗಡಿಯಾರವನ್ನು ನಡೆಸುವ ಪುಟ್ಟ ರೀಚಾರ್ಜ್ ಬ್ಯಾಟರಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು ಸೋರಿತ್ತು. ತಾಮ್ರದ ಗೆರೆಗಳ ಮೇಲೆ ದೇವರ ಮನೆಯ ತೊಳೆಯದ ತಂಬಿಗೆಯ ಕಿಲುಬಿನದೇ ನೀಲಿ ಹಸಿರು. ಸೋರಿದ್ದು ಕ್ಷಾರ, ಹಾಗಾಗಿ ಆಮ್ಲ ಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ವಿನೆಗರಿನಲ್ಲಿ ಅದ್ದಿ ಉಜ್ಜಿದೆ. ಸಣ್ಣಗೆ ನೊರೆ ಬಂತು, ಮನೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಂದು ದಿನ ಒಣಗಲು ಬಿಟ್ಟೆ. ಪುಣ್ಯಕ್ಕೆ ಗೆರೆಗಳು ತುಂಡಾಗಿರಲಿಲ್ಲ.

ಸೋಮವಾರ ರಾತ್ರಿ ಆ ಬ್ಯಾಟರಿಯಿಲ್ಲದೆಯೇ ಜೋಡಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಹಾರ್ಡ್ ಡಿಸ್ಕ್ ಮಾತ್ರ ಟಿಕ್, ಟಿಕ್ ಎಂದು ಮೂರು ಸಲ ಸದ್ದು ಮಾಡಿ ಸುಮ್ಮನಾಯಿತು. ಕ್ಯಾಮೆರಾಗಳಿಗೆ ಹಾಕುತ್ತಿದ್ದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಳೆಯ ಹಾರ್ಡ್ ಡಿಸ್ಕುಗಳ ಐಡಿಇ ಎಂಬ ಭಾಷೆಯನ್ನೇ ಆಡುವುದರಿಂದ ಅಗ್ಗದ ಅಡಾಪ್ಟರೊಂದರ ಮೂಲಕ ಅದನ್ನೇ ಡಿಸ್ಕಾಗಿ ಕೂರಿಸಬಹುದು. ಆದರೆ ಹಳೆಯ ಡಿಸ್ಕಿನಲ್ಲಿದ್ದದ್ದು? ಮಾವನ ಜಪಾನಿನ ದಿನಗಳ ಬರಹ, ಅತ್ತೆಗೆ ಬರೆದ ಪತ್ರ, ಏನೇನೋ ಊಹಿಸಿಕೊಂಡು ಅಳುಕುತ್ತಲೇ ಫೋನ್ ಮಾಡಿದೆ.

"ಡಿಸ್ಕ್ ಹೋಗಿದೆ ಮಾವ. ಅದರಲ್ಲಿ ಮುಖ್ಯವಾದದ್ದೇನಾದರೂ ಇತ್ತೇ?"

"ಏನಿರುತ್ತದೋ. ರೈಲಿನಲ್ಲಿ ಸಾಲಿಟೇರ್ ಆಡುತ್ತಿದ್ದೆ" ಎಂದರು.