ಯಾವ್ ಜೋಳ ಕಣ್ಲಾ?

ಮಂಡ್ಯದ ಬೀಜದಂಗಡಿಯೊಂದರಲ್ಲಿ ಈ ವಾರ ಕೇಳಿದ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಅಂಗಡಿಯ ಹುಡುಗ ಪೊಟ್ಟಣವೊಂದನ್ನು ಮುಂದಿಟ್ಟು, ‘ಕಾರ್ನ್ ಅಂದ್ರೆ ಜೋಳನೇ ತಾತ, ತಗೊಳಿ’ ಅಂದ. ತಾತ ಪೊಟ್ಟಣ ಮುಟ್ಟಲಿಲ್ಲ. ‘ಅದ್ಸರಿ, ಯಾವ್ ಜೋಳ ಕಣ್ಲಾ?’

ಬೇಕಿದ್ದದ್ದು ದನದ ಮೇವಿಗೆ. ಪೊಟ್ಟಣದಲ್ಲಿದ್ದದ್ದು ಸ್ವೀಟ್ ಕಾರ್ನ್. ಅಂಗೈಗೆ ಸುರಿದರೆ ಸುಕ್ಕುಗಟ್ಟಿದ, ಹಗುರಾದ ಬೀಜ. ಪಿಷ್ಟ ಕಡಿಮೆ, ಹಾಗಾಗಿ ಮೊಳಕೆಗೆ ಕಸುವೂ ಕಡಿಮೆ. ಎರಡು ಅಂಗುಲಕ್ಕಿಂತ ಆಳಕ್ಕೆ ಬಿದ್ದು ನೆಲ ಜೌಗಾಗಿದ್ದರೆ ಮಣ್ಣಲ್ಲೇ ಕೊಳೆಯುತ್ತದೆ. ಪಕ್ಕದ ಹೊಲದ ಮಾಮೂಲಿ ಮುಸುಕಿನ ಜೋಳ ಅದೇ ಹೊತ್ತಿಗೆ ಹೂವಾದರೆ ಅದರ ಪರಾಗ ಬಿದ್ದು ಸಿಹಿ ಕಾಳೂ ಹಿಟ್ಟುಹಿಟ್ಟಾಗುತ್ತದೆ. ಎರಡರ ಬಿತ್ತನೆಗೂ ಮೂರು ವಾರ ಅಂತರ ಬೇಕು. ಬೀಜ ಮಾರುವವರಿಗೆ ಇಷ್ಟು ಗೊತ್ತಿರಲೇಬೇಕು. ಹುಡುಗನಿಗಿಂತ, ಏನೂ ಹೇಳಿಕೊಡದೆ ಅವನನ್ನು ಅಲ್ಲಿ ಕೂರಿಸಿದ ಯಜಮಾನನ ತಪ್ಪು ದೊಡ್ಡದು.

ಯಾವ್ ಜೋಳ? ತಾತ ಕೇಳಿದ್ದು ಇಂಗ್ಲಿಷಿಗೂ ಕೇಳಬೇಕಾದ ಪ್ರಶ್ನೆ. ಅಲ್ಲಿ ಕಾರ್ನ್ ಮೊದಲಿಗೆ ಯಾವ ಜೋಳವೂ ಅಲ್ಲ, ಬರೀ ಕಾಳು. ಯಾವ ಸೀಮೆಯಲ್ಲಿ ಯಾವ ಬೆಳೆ ಮುಖ್ಯವೋ ಅದೇ ಕಾರ್ನ್: ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಅಮೆರಿಕಕ್ಕೆ ಹೋಗಿ ನೆಲೆಸಿದವರು ಅಲ್ಲಿನ ಮೂಲನಿವಾಸಿಗಳ ಬೆಳೆಯನ್ನು ‘ಇಂಡಿಯನ್ ಕಾರ್ನ್’ ಅಂದರು. ಬರುಬರುತ್ತಾ ‘ಇಂಡಿಯನ್’ ಉದುರಿ ಕಾರ್ನ್ ಉಳಿಯಿತು. 1815ರಿಂದ 1846ರವರೆಗೆ ಬ್ರಿಟನ್ನಿನಲ್ಲಿದ್ದ ಕಾರ್ನ್ ಕಾಯ್ದೆಗಳನ್ನು ‘ಜೋಳದ ಕಾಯ್ದೆ’ ಅಂದರೆ ಅನರ್ಥ. ಅವು ಹೊರದೇಶದ ಗೋಧಿ ಮೊದಲಾದ ಧಾನ್ಯಗಳನ್ನು ತಡೆಯಲು ಮಾಡಿದ್ದವು. ಧಾನ್ಯ ಕಾಯ್ದೆ ಎನ್ನಬೇಕು.

ಪೆಪ್ಪರ್‌ಕಾರ್ನ್ ನೋಡಿ. ನಮ್ಮ ಕಾಳುಮೆಣಸಿನ ‘ಕಾಳು’ ಮಾಡುವ ಕೆಲಸವನ್ನೇ ಅಲ್ಲಿ ಕಾರ್ನ್ ಮಾಡುತ್ತದೆ. ಕಾರ್ನ್ಡ್ ಬೀಫ್‌ನಲ್ಲೂ ಜೋಳವಿಲ್ಲ, ಮಾಂಸ ಕೆಡದಂತೆ ಹಾಕುತ್ತಿದ್ದ ಕಲ್ಲುಪ್ಪಿನ ಹರಳಿಗೆ ಆ ಹೆಸರು. ಕರ್ನಲ್ ಅಂದರೆ ಪುಟ್ಟ ಕಾರ್ನ್. ಲ್ಯಾಟಿನ್ನಿನ ಗ್ರಾನುಂ, ಅದರಿಂದ ಬಂದ ಗ್ರೇನ್ ಇದರ ದಾಯಾದಿಗಳು. ಸವೆಯುವುದು ಎಂಬ ಅರ್ಥ ಹಿಡಿದು ಸಂಸ್ಕೃತದ ‘ಜೀರ್ಣ’ವನ್ನೂ ಇದೇ ಬೇರಿಗೆ ಸೇರಿಸುವುದುಂಟು. ಕಾಲಿನ ಆಣಿಗೆ ಹೇಳುವ ಕಾರ್ನ್ ಮಾತ್ರ ಬೇರೆ ಮನೆಯದು, ಕೊಂಬು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ತಾತ ಕೊನೆಗೆ ಕೊಂಡದ್ದು ಆಫ್ರಿಕನ್ ಟಾಲ್, ಮೇವಿಗೆ ಬೆಳೆಯುವ ಮುಸುಕಿನ ಜೋಳ. ಹುಡುಗ ರಸೀದಿಯಲ್ಲಿ ‘ಕಾರ್ನ್’ ಅಂತ ಬರೆದ. ತಾತ ಅದನ್ನು ವಾಪಸ್ ನೀಡಿ, ‘ತಳಿ ಹೆಸ್ರು, ಲಾಟ್ ನಂಬ್ರು ಎರಡೂ ಬರಿ’ ಅಂದರು. ಬರೆಯುವವರೆಗೂ ಕದಲಲಿಲ್ಲ.