ಮೈಲೋಮಾ ರೋಗಿಯ ಸ್ಟೆಮ್ ಸೆಲ್: ಶಿರಸಿಯಲ್ಲೇ ಕೇಳಬೇಕಾದ ಪ್ರಶ್ನೆ

ಶಿರಸಿಯ ನಮ್ಮ ಡೇ ಕೇರ್‌ಗೆ ಮೈಲೋಮಾ (ಮೂಳೆ ಮಜ್ಜೆಯ ಕ್ಯಾನ್ಸರ್) ರೋಗಿ ಮೊದಲ ಇಂಜೆಕ್ಷನ್‌ಗೆ ಬಂದ ದಿನವೇ ನಾನು ಕೇಳುತ್ತೇನೆ: "ಮುಂದೆ ಕಸಿ ಮಾಡಿಸಬೇಕು ಅಂತ ಡಾಕ್ಟರು ಹೇಳಿದ್ದಾರಾ?" ಈಗಲೇ ಯಾಕೆ ಈ ಮಾತು ಅಂತ ಕೆಲವರು ಗಾಬರಿಯಾಗುತ್ತಾರೆ. ಇಲ್ಲಿಗೆ ಬರುವ ಮೊದಲು ನಾನು ಘಟ್ಟದ ಕೆಳಗೆ ಅಫೆರೆಸಿಸ್ (ಮಷಿನ್ ಮೂಲಕ ರಕ್ತದಿಂದ ಬೇಕಾದ ಸೆಲ್ ಬೇರ್ಪಡಿಸುವುದು) ಘಟಕದಲ್ಲಿ ನರ್ಸ್ ಆಗಿದ್ದೆ. ಕಸಿ ಅಂದರೆ ರೋಗಿಯದೇ ಸ್ಟೆಮ್ ಸೆಲ್ (ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಮೂಲಕೋಶ) ತೆಗೆದಿಟ್ಟು, ಜೋರು ಕೀಮೋ ಕೊಟ್ಟು, ಮತ್ತೆ ಅದನ್ನೇ ವಾಪಸ್ ಹಾಕುವ ಚಿಕಿತ್ಸೆ. ಅಲ್ಲಿ ಸೆಲ್ ಸಾಲದೆ ವಾಪಸಾದವರನ್ನು ನೋಡಿದ್ದೇನೆ.

ಲೆನಾಲಿಡೊಮೈಡ್ ಒಳ್ಳೆಯ ಮಾತ್ರೆ, ರೋಗವನ್ನು ಹಿಡಿತಕ್ಕೆ ತರುತ್ತದೆ. ಆದರೆ 4ರಿಂದ 6 ಸೈಕಲ್ (ಚಿಕಿತ್ಸೆಯ ಸುತ್ತು) ದಾಟಿದರೆ ಸ್ಟೆಮ್ ಸೆಲ್ ಮಜ್ಜೆಯಿಂದ ರಕ್ತಕ್ಕೆ ಇಳಿಯುವುದು ಕಷ್ಟವಾಗುತ್ತಾ ಹೋಗುತ್ತದೆ. ವಯಸ್ಸಾಗಿದ್ದರೆ, ಸೊಂಟಕ್ಕೆ ರೇಡಿಯೇಷನ್ ಆಗಿದ್ದರೆ, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಇನ್ನೂ ಕಷ್ಟ. ನಮ್ಮ ಕಡೆಯವರು ಏನು ಮಾಡುತ್ತಾರೆ? ಬೆನ್ನುನೋವು ಇಳಿಯಿತು, ಆರಾಮಾಯಿತು, ಅಡಿಕೆ ಕೊನೆಕೊಯ್ಲು ಮುಗಿಸಿ ಹೋದರಾಯಿತು ಅನ್ನುತ್ತಾರೆ. ಮಾತ್ರೆ ಮಾತ್ರ ನಡೆಯುತ್ತಲೇ ಇರುತ್ತದೆ. ಹಾಗಂತ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಕಸಿ ಮಾಡುವ ಡಾಕ್ಟರನ್ನು ಬೇಗ ಕಂಡರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ಸ್ಟೆಮ್ ಸೆಲ್ ತೆಗೆಯುವ ಮುಂಚೆ 4-5 ದಿನ, ಅದನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಇರುತ್ತದೆ. ಸೊಂಟ, ಎದೆಮೂಳೆ ಎಲ್ಲ ನೋಯುತ್ತದೆ. ರೋಗ ತಿರುಗಿ ಬಂತು ಅಂತ ಮನೆಯವರು ಹೆದರುತ್ತಾರೆ. ಅಲ್ಲ, ಮಜ್ಜೆ ಕೆಲಸ ಮಾಡುತ್ತಿರುವ ನೋವು ಅದು. ಆಮೇಲೆ ರಕ್ತದಲ್ಲಿ ಸಿಡಿ34 ಗುರುತಿನ ಸ್ಟೆಮ್ ಸೆಲ್ ಎಣಿಸುತ್ತಾರೆ. ಮೈಕ್ರೋಲೀಟರ್‌ಗೆ 10 ಕೂಡ ಇಲ್ಲದಿದ್ದರೆ ಸೆಲ್ ಇಳಿಸಲು ಪ್ಲೆರಿಕ್ಸಾಫೋರ್ ಎಂಬ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು. ತುಟ್ಟಿ ಔಷಧಿ, ಮಷಿನ್‌ಗೆ ಹಾಕುವ ಸುಮಾರು 11 ಗಂಟೆ ಮೊದಲು ಕೊಡಬೇಕು. ಕೊನೇ ಗಳಿಗೆಯಲ್ಲಿ ದುಡ್ಡು ಹೊಂದಿಸಲು ಮಗ ಫೋನ್ ಹಿಡಿದು ವರಾಂಡದಲ್ಲಿ ಓಡಾಡುವುದನ್ನು ನೋಡಲಾಗದು. ಈ ಖರ್ಚು ಬರಬಹುದು ಅಂತ ಮೊದಲೇ ಹೇಳಿಬಿಡುವುದು ವಾಸಿ.

ಮಷಿನ್ ಪಕ್ಕ ನಾಲ್ಕೈದು ಗಂಟೆ ಮಲಗಿರಬೇಕು. ಸಿದ್ದಾಪುರದ ಕಡೆಯ ತೋಟದವರೊಬ್ಬರು ಮಾತಿಲ್ಲದೆ ಮಲಗಿದ್ದರು. ಬೆರಳು ಮಾತ್ರ ತುಟಿ ಉಜ್ಜುತ್ತಿತ್ತು. ಕೇಳಿದ್ದಕ್ಕೆ, "ತಂಗೀ, ತುಟಿ ಜುಂ ಜುಂ ಹೇಳ್ತಾ ಇದ್ದು" ಅಂದರು. ರಕ್ತ ಹೆಪ್ಪುಗಟ್ಟದಿರಲು ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸಿರುತ್ತದೆ. ವೇಗ ಕಡಿಮೆ ಮಾಡಿ ಕ್ಯಾಲ್ಸಿಯಂ ಕೊಟ್ಟೆವು, ಸರಿಹೋಯಿತು. ಯಾಕೆ ಹೇಳಲಿಲ್ಲ ಅಂದರೆ, ನಿಮಗೆ ತೊಂದರೆ ಯಾಕೆ ಅಂತ! ಅದಕ್ಕೇ ಇಲ್ಲಿಂದ ಹೊರಡುವವರಿಗೆಲ್ಲ ಜುಂ ಅಂದರೆ ತಕ್ಷಣ ಹೇಳಿ ಅಂತ ಒತ್ತಿ ಹೇಳುತ್ತೇನೆ.

ತೂಕದ ಪ್ರತಿ ಕೇಜಿಗೆ ಕನಿಷ್ಠ 20 ಲಕ್ಷ ಸೆಲ್ ಬೇಕು. 40-50 ಲಕ್ಷ ಸಿಕ್ಕರೆ ನೆಮ್ಮದಿ. ಮೊದಲ ದಿನ ಸಾಲದಿದ್ದರೆ ಮರುದಿನ ಮತ್ತೆ ಕೂರಿಸುತ್ತಾರೆ. ಹಾಗಾಗಿ ಮನೆಯಿಂದ ದಿನಾ ಓಡಾಡುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ, ಮಳೆಗಾಲದಲ್ಲಂತೂ ಖಂಡಿತ ಬೇಡ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತಲ್ವಾ? ಇಂಜೆಕ್ಷನ್ ಶುರುವಾದ ಮೇಲೆ ದಿನ ತಪ್ಪುವ ಹಾಗಿಲ್ಲ. ಆಸ್ಪತ್ರೆ ಹತ್ತಿರವೇ ರೂಮ್ ಹಿಡಿಯಿರಿ. ಎಷ್ಟು ಸೈಕಲ್ ಆಗಿದೆ ಅಂತ ಬರೆದ ನಮ್ಮ ಚೀಟಿಯನ್ನು ಫೈಲಿನ ಮೇಲೇ ಇಟ್ಟುಕೊಂಡು ಹೋಗಿ.