ಹತ್ತು ನಿಮಿಷದ ಸೊಪ್ಪು

"ಮೊಬೈಲಿನಲ್ಲಿ ಹೇಳಿದರೆ ಹತ್ತು ನಿಮಿಷದಲ್ಲಿ ಸೊಪ್ಪು ಬಾಗಿಲಿಗೇ ತಂದುಕೊಡುತ್ತಾರಲ್ಲ ಅತ್ತಿಗೆ, ಇದಕ್ಕೆ ಇಷ್ಟೊಂದು ಯಾಕೆ ಒದ್ದಾಡುತ್ತೀರಿ?"

ನನ್ನ ನಾದಿನಿ ಹೀಗೆಂದದ್ದು ಭಾನುವಾರ. ಇವತ್ತು ಗುರುವಾರ, ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಬಿಡಿ. ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಮೊದಲು ಓಡಿಬರುವವಳು ಅವಳೇ. ಆದರೆ ಏನನ್ನು ಕಂಡರೂ ಇದಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಷ್ಟು ದುಡ್ಡು ಉಳಿಯಿತು ಎಂದು ಲೆಕ್ಕ ಹಾಕದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಆಗ ನಾನು ತಾರಸಿಯಲ್ಲಿ ಕೆಂಪು ಹರಿವೆ ಕೀಳುತ್ತಿದ್ದೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಮರಳಿನೊಂದಿಗೆ ಬೆರೆಸಿ ಚೆಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಮೊಳೆತು, ಒಂದನ್ನೊಂದು ಏಳಗೊಡುವುದಿಲ್ಲ. ಸಮನಾಗಿ ಬಿದ್ದರೆ 25–30 ದಿನಕ್ಕೆಲ್ಲ ಸಾರಿಗೆ ಸಿದ್ಧ. ಹಿಂದಿನ ರಾತ್ರಿ ಮಳೆ ಬಿದ್ದು ಮಣ್ಣು ಸಡಿಲವಾಗಿತ್ತು. ಬುಡ ಹಿಡಿದು ಮೆಲ್ಲಗೆ ಎಳೆದರೆ ಗಿಡ ಬೇರುಸಹಿತ ಬರುತ್ತಿತ್ತು. ಗುಲಾಬಿ ಬಣ್ಣದ ಬೇರಿನ ತುಂಬ ತೆಂಗಿನ ನಾರಿನ ಪುಡಿ ಅಂಟಿಕೊಂಡಿತ್ತು. ಹೊಸ ಚಪ್ಪಲಿ ಕೆಸರಾದೀತೆಂದು ನಾದಿನಿ ಮೆಟ್ಟಿಲ ಬಾಗಿಲು ದಾಟಿರಲಿಲ್ಲ. ಅಲ್ಲಿಂದಲೇ ಕೇಳಿದ ಪ್ರಶ್ನೆ ಅದು.

"ಔಷಧಿ ಹೊಡೆಯದ ಸೊಪ್ಪು ಕಣಮ್ಮ, ಆರೋಗ್ಯಕ್ಕೆ ಒಳ್ಳೆಯದು" ಎಂದೆ. ತಾರಸಿ ತೋಟದವರೆಲ್ಲ ಬಾಯಿಪಾಠ ಮಾಡಿಟ್ಟುಕೊಂಡ ಉತ್ತರ. ಸುಳ್ಳೇನಲ್ಲ, ಹುಳ ಬಂದರೆ ನಾನು ಸಿಂಪಡಿಸುವುದು ಸಾಬೂನು ನೀರಿನಲ್ಲಿ ಕಲಸಿದ ಬೇವಿನೆಣ್ಣೆಯನ್ನು ಮಾತ್ರ. ಆದರೆ ನಾನು ಗಿಡ ಹಾಕುವುದು ಆರೋಗ್ಯಕ್ಕೂ ಅಲ್ಲ, ಉಳಿತಾಯಕ್ಕಂತೂ ಅಲ್ಲವೇ ಅಲ್ಲ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಕುಂಡ, ಇವೆಲ್ಲದರ ಖರ್ಚು ಕೂಡಿಸಿದರೆ ನನ್ನ ಹರಿವೆಯಷ್ಟು ದುಬಾರಿ ಸೊಪ್ಪು ಬೆಂಗಳೂರಿನ ಯಾವ ಮಾರುಕಟ್ಟೆಯಲ್ಲೂ ಇರಲಾರದು. ಖುಷಿಯಾಗುತ್ತದೆ, ಅದಕ್ಕೇ ಮಾಡುತ್ತೇನೆ. ಅಷ್ಟು ಹೇಳಲು ಯಾಕೆ ಬಾಯಿ ಬರಲಿಲ್ಲ ಎನ್ನುವುದೇ ಈ ವಾರವಿಡೀ ನನ್ನನ್ನು ಕಾಡುತ್ತಿರುವುದು.

ಅವಳೇ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಒಂದು ವರ್ಷವೂ ತಪ್ಪಿಸುವುದಿಲ್ಲ. ಜನವರಿ 26, ಆಗಸ್ಟ್ 15 ಹತ್ತಿರ ಬಂದರೆ ಸಾಕು, ಟಿಕೆಟ್ ತೆಗೆದುಕೊಂಡು, ಗಾಜಿನ ಮನೆಯ ಮುಂದೆ ನೂಕುನುಗ್ಗಲಿನಲ್ಲಿ ನಿಂತು ಹೂವು ನೋಡಿ ಬರುತ್ತಾಳೆ. ಆಗ ಲೆಕ್ಕ ಬರುವುದಿಲ್ಲ. ಅವಳ ಅಣ್ಣ, ಅಂದರೆ ನನ್ನ ಗಂಡ, ಯಾರು ಗೆದ್ದರೆಂದು ಗೊತ್ತಿರುವ ಹಳೆಯ ಕ್ರಿಕೆಟ್ ಪಂದ್ಯವನ್ನು ಮತ್ತೆ ಕೂತು ನೋಡುತ್ತಾರೆ. ಇದರಿಂದ ಏನು ಉಪಯೋಗ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಹೆಂಗಸು ಮನೆಯೊಳಗೆ ಏನು ಮಾಡಿದರೂ ಅದು ಕೆಲಸವೇ ಆಗಿರಬೇಕು, ಕೆಲಸವೆಂದ ಮೇಲೆ ಬೇಗ ಮುಗಿಯಬೇಕು. ಆಟ ಆಡುವ ಹಕ್ಕು ಹಜಾರದಲ್ಲಿ ಟೀವಿಯ ಮುಂದೆ ಕೂತವರಿಗಷ್ಟೇ.

ಹಜಾರ ಎಂದಾಗ ನೆನಪಾಯಿತು. ನಮ್ಮ ದಿವಾನದ ಮೇಲೆ ಅಮ್ಮನ ಹಳೆಯ ಸೀರೆಗಳಿಂದ ಹೊಲಿಸಿದ ಕೌದಿ ಹಾಸಿದ್ದೇನೆ. ಧಾರವಾಡದ ಕಡೆಯ ಅಜ್ಜಿಯೊಬ್ಬರು ಕೈಯಲ್ಲೇ ಹೊಲಿದುಕೊಟ್ಟದ್ದು. ಹೊಲಿಗೆಯ ಸಾಲು ಅಲ್ಲಲ್ಲಿ ಸೊಟ್ಟಗಿದೆ, ಮೂಲೆಯ ಹಸಿರು ತುಂಡಿನಲ್ಲಿ ಒಲೆಯ ಕಿಡಿ ಬಿದ್ದ ತೂತು ಹಾಗೇ ಇದೆ. ಅದರ ಪಕ್ಕದಲ್ಲಿ ಹಿತ್ತಾಳೆ ಉರುಳಿಯಲ್ಲಿ ನೀರು ತುಂಬಿ ದಾಸವಾಳ ತೇಲಿಬಿಟ್ಟಿದ್ದೆ. ನಾದಿನಿ ಕೌದಿಯನ್ನು ಮಡಿಸಿ ಆಚೆಗಿಟ್ಟು ಕುಳಿತಳು. ಅವಳ ಮನೆಯನ್ನು ಅಲಂಕಾರ ಮಾಡಿದ್ದು ಬೇರೆ ಯಾರೋ. ಗೋಡೆ, ಪರದೆ, ಸೋಫಾ ಎಲ್ಲ ಬೂದಿ ಬಣ್ಣ. ಅಲ್ಲಿ ನಾನು ಕಾಫಿ ಲೋಟ ಇಡಲೂ ಹೆದರುತ್ತೇನೆ.

ಮಧ್ಯಾಹ್ನ ಬಸ್ಸಾರು ಮಾಡಿದೆ. ಹರಿವೆ, ಹೆಸರುಕಾಳು ಒಟ್ಟಿಗೆ ಬೇಯಿಸಿ ಬಸಿದರೆ ನೀರು ಕೆಂಪಗೆ ಇಳಿಯುತ್ತದೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿತುರಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳುಸೊಪ್ಪು ಒಂದು ಸೌಟು ಹಾಕಿ ರುಬ್ಬಿ ಆ ನೀರಿಗೆ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನಾದಿನಿ ಮುದ್ದೆಯ ಜೊತೆ ಎರಡು ಸಲ ಬಡಿಸಿಕೊಂಡಳು. ಅದನ್ನೇ ನನ್ನ ಗೆಲುವೆಂದು ಬೀಗಲಾರೆ. ರುಚಿಯಾಗಿದ್ದರೆ ಅವಳು ಹೋಟೆಲಿನಲ್ಲೂ ಎರಡು ಸಲ ಬಡಿಸಿಕೊಳ್ಳುತ್ತಾಳೆ.

ಕೈ ತೊಳೆಯುತ್ತಾ ಒಂದು ಮಾತು ಹೇಳಿದಳು: "ನಮ್ಮ ಅತ್ತೆ ಇದನ್ನೇ ದಿನಾ ಮಾಡಿಸುತ್ತಿದ್ದರು ಅತ್ತಿಗೆ. ಕಚೇರಿಯಿಂದ ಬಂದು ಸೊಪ್ಪು ಸೋಸಲು ಕೂತರೆ ಅಳು ಬರುತ್ತಿತ್ತು."

ಆ ಮಾತಾದ ಮೇಲೆ ಹತ್ತು ನಿಮಿಷದ ಸೊಪ್ಪು ನನಗೆ ಬೇರೆಯಾಗಿ ಕಾಣತೊಡಗಿದೆ. ನನ್ನ ಅಮ್ಮನೂ ಹಿತ್ತಲಲ್ಲಿ ಹರಿವೆ ಬೆಳೆದಳು, ಒರಳಿನಲ್ಲಿ ಖಾರ ರುಬ್ಬಿದಳು, ಮನೆಮಂದಿಗೆಲ್ಲ ಬಸ್ಸಾರು ಬಡಿಸಿದಳು. ಯಾಕೆ ಮಾಡುತ್ತೀಯ ಎಂದು ಅವಳನ್ನು ಯಾರೂ ಕೇಳಲಿಲ್ಲ. "ಆಯಿತಾ?" ಎಂದಷ್ಟೇ ಕೇಳುತ್ತಿದ್ದರು. ಕೈಯಾರೆ ಬೆಳೆದು ಬೇಯಿಸುವ ಸುಖದ ಬಗ್ಗೆ ನಾನು ಹೇಳುವುದನ್ನು ಕೇಳಿದ್ದರೆ ಅಮ್ಮ ನಕ್ಕುಬಿಡುತ್ತಿದ್ದಳೇನೋ. ನನಗೆ ಮಿಕ್ಸಿ ಇದೆ, ನಲ್ಲಿಯಲ್ಲಿ ನೀರು ಬರುತ್ತದೆ, ಉಣ್ಣುವವರು ಇಬ್ಬರೇ. ಎಲ್ಲಕ್ಕಿಂತ ಹೆಚ್ಚಾಗಿ, ಇವತ್ತು ಬೇಡ ಎಂದರೆ ನಡೆಯುತ್ತದೆ. ನಾದಿನಿಗೆ ಆ "ಬೇಡ" ಸಿಕ್ಕಿದ್ದು ಮೊಬೈಲಿನಲ್ಲಿ. ಸಿಕ್ಕಿದ್ದನ್ನು ಅವಳು ಯಾಕೆ ಬಿಟ್ಟುಕೊಡಬೇಕು?

ನನ್ನ "ಬೇಡ"ವನ್ನು ನಿನ್ನೆ ಬಳಸಿದೆ. ಒಲೆ ಹಚ್ಚಲಿಲ್ಲ, ಗಿಡಗಳಿಗೆ ನೀರೂ ಹಾಕಲಿಲ್ಲ. ಗಂಡ ಹೋಟೆಲಿನಿಂದ ಇಡ್ಲಿ ತಂದರು. ಇಡ್ಲಿ ಪರವಾಗಿರಲಿಲ್ಲ, ಚಟ್ನಿ ಮಾತ್ರ ಬರೀ ನೀರು.